ಸ್ಟೇರಿಂಗ್ ಬಲಕ್ಕೆ ಬಂದ ಬೇಸಿಗೆ

ಇವತ್ತು ಬೆಳಗ್ಗೆ ನನ್ನ ಮೊಮ್ಮಗಳು ಮನೆಗೆ ಬಂದಳು. ಹುಟ್ಟಿ ಹತ್ತೊಂಬತ್ತು ದಿನ. ತಿಂಗಳು ತುಂಬುವ ಮೊದಲೇ ಅವಸರ ಮಾಡಿ ಬಂದವಳು, ಇಷ್ಟು ದಿನ ಪೋರೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಆಚೆ ನಿಂತು ಗಾಜಿಗೆ ಮೂಗು ಒತ್ತಿ ನೋಡಿದ್ದೇ ನೋಡಿದ್ದು. ಇವತ್ತು ಮೊದಲ ಸಲ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಎರಡು ಉಂಡೆ ಬೆಲ್ಲದ ತೂಕ ಇರಬಹುದು, ಅಷ್ಟೇ. ಜೀವಮಾನವೆಲ್ಲ ಬೆಲ್ಲ ಎತ್ತಿಳಿಸಿದ ಕೈ ಇದು, ಆದರೂ ಇನ್ನೊಂದು ಕೈಯನ್ನೂ ಅಡಿಗೆ ಕೊಟ್ಟೆ. ಮನೆಗೆ ಬಂದವನೇ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದೆ. ಮೂಲೆಯ ಇಸ್ತ್ರಿಯವನಿಗೆ ಎರಡು ಸಲ ಕೊಟ್ಟೆನಂತೆ. ಎರಡನೇ ಸಲ ಅವನು, "ಏನು ಗೌಡರೇ, ಅವಳಿ ಮಕ್ಕಳಾ?" ಎಂದು ತಮಿಳಿನಲ್ಲಿ ಕೇಳಿ ನಕ್ಕ. ನಾನೂ ನಕ್ಕೆ. ಬೆಳಗ್ಗೆಯಿಂದ ನಗುವುದು ಬಿಟ್ಟು ನನಗೆ ಬೇರೆ ಕೆಲಸವಿಲ್ಲ.

ನಗು ನಿಂತದ್ದು ಒಂದೇ ಒಂದು ಗಳಿಗೆ. ಹೊಸ್ತಿಲಲ್ಲಿ ಆರತಿ ಎತ್ತಿ ಆದ ಮೇಲೆ ನನ್ನ ಮಗಳು ಶೈಲಾ ಮಗುವಿನ ಕಿವಿಯ ಹತ್ತಿರ ಬಾಯಿ ಇಟ್ಟು, "ಎನ್ ಚೆಲ್ಲಮೇ, ವೀಟುಕ್ಕು ವಂದಾಚ್ಚು" ಎಂದಳು. ನನ್ನ ಮುದ್ದೇ, ಮನೆಗೆ ಬಂದದ್ದಾಯಿತು ಎಂದು. ಕೇಳಿದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಹುಡುಗಿ ಈ ಊರಲ್ಲಿ ಬೆಳೆದವಳು, ಕೈ ಹಿಡಿದ ಮುರಳಿ ತಮಿಳಿನವನು, ತಮಿಳಲ್ಲದೆ ಇನ್ನೇನು ಮಾತಾಡುತ್ತಾಳೆ? ಆದರೆ ನನಗೆ ಗೊತ್ತು. ನನ್ನ ಮಗಳು ತನ್ನ ಮಗಳನ್ನು ಕನ್ನಡದಲ್ಲಿ ಮುದ್ದಿಸದೆ ಇರುವುದಕ್ಕೆ ಕಾರಣ ಈ ಊರಲ್ಲ, ಇಸ್ಕೂಲೂ ಅಲ್ಲ. ಅವಳಿಗೆ ಹತ್ತು ವರ್ಷವಿದ್ದಾಗ, ಒಂದು ಬೇಸಿಗೆಯಲ್ಲಿ, ನಾನು ಹೇಳಿದ ಒಂದು ಸುಳ್ಳು. ಅದು ಇಬ್ಬರಿಗೆ ಮಾತ್ರ ಗೊತ್ತು, ನನಗೆ ಮತ್ತು ಅವಳಿಗೆ. ಹನ್ನೆರಡು ವರ್ಷ ಅದನ್ನು ನುಂಗಿಕೊಂಡೇ ಬಂದಿದ್ದೇನೆ.

ಆ ಕಾಲದಲ್ಲಿ ನಾವು ಈ ಊರನ್ನು ಇನ್ನೂ ಮದ್ರಾಸು ಎಂದೇ ಕರೆಯುತ್ತಿದ್ದೆವು. ಊರಿಗೆ ಫೋನು ಮಾಡಬೇಕಾದರೆ ಹಳದಿ ಬೋರ್ಡಿನ ಬೂತಿನಲ್ಲಿ ಸಾಲು ನಿಲ್ಲಬೇಕು. ಪೋರೂರು ಕೆರೆಯ ಬದಿಯಲ್ಲಿ ಎಮ್ಮೆಗಳು ಮೇಯುತ್ತಿದ್ದವು, ಕೆರೆ ಹಿಂದಿನ ನಮ್ಮ ಬಾಡಿಗೆ ಮನೆಗೆ ಸಗಣಿ ವಾಸನೆಯೂ ತಂಪು ಗಾಳಿಯೂ ಒಟ್ಟೊಟ್ಟಿಗೆ ಬರುತ್ತಿದ್ದವು. ನಾನು ಮಂಡ್ಯದ ಕಡೆಯವನು, ಓದಿದ್ದು ನಾಲ್ಕನೇ ಕ್ಲಾಸು. ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿ ಒಂದು ಬೆಲ್ಲದ ಮಂಡಿಯಿತ್ತು. ಊರಿನ ಆಲೆಮನೆಗಳಿಂದ ಬಂದ ಬೆಲ್ಲವನ್ನು ನೋಡಿಕೊಳ್ಳುವುದು, ಮಾದರಿ ಬೆಲ್ಲವನ್ನು ಅಣ್ಣಾ ನಗರ್ ಕಡೆಯ ಅಂಗಡಿಗಳಿಗೆ ಒಯ್ದು ತೋರಿಸುವುದು ನನ್ನ ಕೆಲಸ. ಹೆಂಡತಿ ಜಯಮ್ಮನನ್ನೂ ಮಗಳನ್ನೂ ಕರೆದುಕೊಂಡು ಬಂದು ಎರಡು ವರ್ಷವಾಗಿತ್ತು. ಎರಡು ವರ್ಷದಲ್ಲಿ ನಾನು ಕಲಿತದ್ದು ಬೆಲ್ಲದ ತಮಿಳು ಮಾತ್ರ. ಬಿಳಿ, ಕಪ್ಪು, ಒಣಗಿದೆ, ಜಿನುಗಿದೆ, ಅಷ್ಟೇ. ಶೈಲಾ ಆರು ತಿಂಗಳಲ್ಲಿ ಇಡೀ ತಮಿಳನ್ನು ಬೀದಿಯಲ್ಲಿ ಆಡುತ್ತಾ ಆಡುತ್ತಾ ಎತ್ತಿಕೊಂಡು ಬಂದಿದ್ದಳು. ಕುಂಟಾಬಿಲ್ಲೆ ಆಡುವಾಗ ತಮಿಳು, ಮನೆಯೊಳಗೆ ಕಾಲಿಟ್ಟರೆ ಮಂಡ್ಯ.

ನಮ್ಮ ಹತ್ತಿರ ಒಂದು ಜೀಪಿತ್ತು. ಬೆಲ್ಲದ ಆಳಿಗೆ ಜೀಪು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದು ನನ್ನ ಮಾವನದು. ಹಿಂದೆ ಯಾವಾಗಲೋ ಬೆಂಗಳೂರಿನಲ್ಲಿ ಮಿಲಿಟರಿಯವರು ಹರಾಜು ಹಾಕಿದಾಗ ಹಿಡಿದ ಹಳೆಯ ಯುದ್ಧದ ಜೀಪು. ಮಾವ ತೀರಿಕೊಂಡಾಗ ಗದ್ದೆ ತೋಟ ಗಂಡುಮಕ್ಕಳಿಗೆ ಹೋಯಿತು, ಜೀಪು ಜಯಮ್ಮನ ಪಾಲಿಗೆ ಬಂತು. "ನಂಗೆ ಅಪ್ಪ ಬುಟ್ಟಿದ್ದು ನಾಕು ಚಕ್ರ" ಎಂದು ಅವಳು ಈಗಲೂ ಹೇಳುತ್ತಾಳೆ. ಗಾಡಿಗೆ ಬಾಗಿಲಿಲ್ಲ, ತಲೆಯ ಮೇಲೆ ಕ್ಯಾನ್‌ವಾಸು. ಮಳೆ ಬಂದರೆ ವೈಪರನ್ನು ಕೈಯಿಂದ ಆಡಿಸಬೇಕು. ಪೆಟ್ರೋಲ್ ಟ್ಯಾಂಕು ಇದ್ದದ್ದು ಡ್ರೈವರಿನ ಸೀಟಿನ ಅಡಿಯಲ್ಲಿ, ಬಂಕಿಗೆ ಹೋದರೆ ನಾನು ಎದ್ದು ನಿಂತು ಸೀಟು ಎತ್ತಿಕೊಡಬೇಕು. ಬಂಕಿನವರು ಪ್ರತಿಸಲವೂ ನಗುತ್ತಿದ್ದರು. ಮಾದರಿ ಬೆಲ್ಲದ ಡಬ್ಬಗಳನ್ನು ಹಿಂದೆ ಇಟ್ಟು ಓಡಾಡಿ ಓಡಾಡಿ ಇಡೀ ಗಾಡಿಗೆ ಪೆಟ್ರೋಲು ಮತ್ತು ಬೆಲ್ಲ ಬೆರೆತ ಒಂದು ವಾಸನೆ ಅಂಟಿತ್ತು. ಸೀಟಿನ ಹೊಲಿಗೆಯಲ್ಲಿ ಇರುವೆ. ಶೈಲಾ ಕೂರುವ ಮೊದಲು ಲಂಗದ ತುದಿಯಿಂದ ಸೀಟಿಗೆ ಎರಡು ಏಟು ಹೊಡೆದು ಕೂರುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ತೊಂದರೆ ಸ್ಟೇರಿಂಗು. ಹೊರದೇಶದ ಗಾಡಿ, ಅದರ ಸ್ಟೇರಿಂಗ್ ಇದ್ದದ್ದು ಎಡಗಡೆ. ಊರಿನ ರಸ್ತೆಯಲ್ಲಿ ಎತ್ತಿನ ಗಾಡಿಗಳ ಮಧ್ಯೆ ಅದರಿಂದ ಏನೂ ಆಗುತ್ತಿರಲಿಲ್ಲ. ಮದ್ರಾಸಿನಲ್ಲಿ ಎಡಕ್ಕೆ ಕೂತು ಓಡಿಸಿದರೆ ಮುಂದಿರುವ ಬಸ್ಸಿನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ದಾಟಬೇಕಾದರೆ ಎದುರು ಏನು ಬರುತ್ತಿದೆ ಎಂದು ಬಲಗಡೆ ಕೂತವರು ಹೇಳಬೇಕು. ಹೇಳುವವಳು ಶೈಲಾ. ಬಲಗಡೆಯ ಕಂಬಿ ಹಿಡಿದು, ಜಡೆ ಗಾಳಿಗೆ ಹಾರಿಸಿಕೊಂಡು, ಕತ್ತು ಆಚೆ ಹಾಕಿ ನೋಡುವಳು. ದಾರಿ ಖಾಲಿ ಇದ್ದರೆ "ಬಯ್ಲು, ಬಾ ಅಪ್ಪ, ಬಾ ಬಾ" ಅನ್ನುವಳು. ಇಲ್ಲದಿದ್ದರೆ "ಬ್ಯಾಡ, ಬ್ಯಾಡ, ಲಾರಿ." ನಾನು ಅವಳ ಮಾತಿನ ಮೇಲೆ ಕಣ್ಣುಮುಚ್ಚಿ ಗಾಡಿ ಬಿಡುತ್ತಿದ್ದೆ. ಪೋರೂರಿಂದ ಪ್ಯಾರೀಸ್ ಕಾರ್ನರಿನ ತನಕ ದಾರಿಯುದ್ದಕ್ಕೂ ಅವಳದು ಒಂದೇ ಸಮನೆ ಮಾತು. ಬಯಲು ಮತ್ತು ಬೇಡದ ಮಧ್ಯೆ ಇಸ್ಕೂಲಿನ ಸುದ್ದಿ, ಟೀಚರಿನ ಸೀರೆ, ತಾಳೆಹಣ್ಣಿನ ಗಾಡಿಯವನು ಕಂಡರೆ "ಅಪ್ಪ, ನುಂಗು, ನಿಲ್ಸು." ಆ ಬಲಗಡೆಯ ಸೀಟಿನಲ್ಲಿ ನನ್ನ ಕಣ್ಣೂ ನನ್ನ ನಾಲಿಗೆಯೂ ಲಂಗ ಹಾಕಿಕೊಂಡು ಕೂತಿದ್ದವು ಅಂದರೆ ಸುಳ್ಳಲ್ಲ.

ಇಸ್ಕೂಲಿಗೆ ರಜಾ ಬಿಟ್ಟ ವಾರವೇ ಒಂದು ದಿನ, ವಡಪಳನಿ ದಾಟಿದ ಮೇಲೆ, ಬಸ್ಸಿನ ಹಿಂದೆ ಸಿಕ್ಕಿಕೊಂಡಿದ್ದೆ. ಅವಳು "ಬ್ಯಾಡ" ಎಂದಳು. ಹಾರನ್ನಿನ ಸದ್ದಿನಲ್ಲಿ ನನಗೆ "ಬಾ" ಎಂದು ಕೇಳಿಸಿತು. ಬಂದೆ. ಎದುರಿಗೆ ನೀರಿನ ಲಾರಿ. ಎಡಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಲಾರಿ ನಮ್ಮ ಪಕ್ಕೆ ಸವರಿಕೊಂಡು ಹೋಗಿ, ಅದರಿಂದ ಚೆಲ್ಲಿದ ನೀರು ಅವಳ ಮುಖಕ್ಕೆ ಬಡಿಯಿತು. ಅವಳಿಗೆ ಅದೊಂದು ಆಟ, ತೊಪ್ಪೆಯಾಗಿ ನಗುತ್ತಾ ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಜಯಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಕೈಯಲ್ಲೇ ಹಿಡಿದು ಆಚೆ ಬಂದಳು.

"ಮಗೀನ ಕತ್ತು ಆಚ್ಗಾಕ್ಸಿ ಗಾಡಿ ಓಡುಸ್ತಿಯಾ? ಸ್ಟೇರಿಂಗು ಈ ಕಡಿಕ್ಕೆ ಬರೋಗಂಟ ಇವ್ಳು ಆ ಜೀಪು ಅತ್ತಕಿಲ್ಲ. ಜೀಪು ನಮ್ಮಪ್ಪುಂದು, ಮಗಳು ನಂದು. ನಿಂದೇನೈತೆ ಇದ್ರಲ್ಲಿ?"

ಮರುದಿನವೇ ವಿಚಾರಿಸಲು ಹೊರಟೆ. ಮಂಡಿಯಲ್ಲಿ ವಿಚಾರಿಸಿದಾಗ ಒಬ್ಬರು ಅಣ್ಣಾ ನಗರ್ ದಾಟಿ ಪಾಡಿಗೆ ಹೋಗುವ ರಸ್ತೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಹಳೆಯ ಜೀಪು ಅಂದರೆ ಜೀವ ಬಿಡುತ್ತಾನೆ ಎಂದರು. ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ಮೆಕ್ಯಾನಿಕ್ಕಿನ ಹೆಸರು ಏಳುಮಲೈ. ಆ ಹೆಸರು ಕೇಳುತ್ತಲೇ ನನಗೆ ಅರ್ಧ ಧೈರ್ಯ ಬಂತು. ಏಳು ಮಲೆಯ ಮಾದಪ್ಪನ ಒಕ್ಕಲು ನಾವು, ಅದೇ ಏಳು ಮಲೆ ಎಂದು ಹೆಸರಿಟ್ಟುಕೊಂಡವನು ನಮಗೆ ಮೋಸ ಮಾಡುತ್ತಾನೆಯೇ ಎಂದುಕೊಂಡೆ. ಬಡಕಲು ಆಳು, ಬರಿಗಾಲು, ಕಿವಿಯಲ್ಲಿ ಪೆನ್ಸಿಲು. ಇಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು ಡಾಕ್ಟರಂತೆ ಕೇಳಿದ. ಆಮೇಲೆ ಬಹಳ ಹೊತ್ತು ಮಾತಾಡಿದ. ಶೈಲಾ ಪಕ್ಕದಲ್ಲಿ ನಿಂತು ಕನ್ನಡಕ್ಕೆ ಇಳಿಸಿದಳು.

"ಇದು ಯುದ್ಧದ ಗಾಡಿಯಂತೆ ಕಣಪ್ಪ. ನಿಂಗೆ ಬೇಕಾಗಿರಾದು ಇಸ್ಕೂಲ್ಗೂ ಅಂಗ್ಡಿಗೂ ಓಗೋ ಗಾಡಿ. ಎಲ್ಲಾನೂ ಬದ್ಲಾಯ್ಸ್‌ಬೇಕಂತೆ."

ಎಲ್ಲವನ್ನೂ ಬದಲಾಯಿಸತೊಡಗಿದ. ಸ್ಟೇರಿಂಗಿನ ಪೆಟ್ಟಿಗೆ ಬಿಚ್ಚಿ ಬಲಗಡೆ ಕೂರಿಸಲು ಚಾಸಿಗೆ ಹೊಸ ಕಬ್ಬಿಣ ಬೆಸೆದ. ಮೂರೂ ಪೆಡಲುಗಳು ಈ ಕಡೆಗೆ ಬರಬೇಕು, ಡ್ಯಾಶ್‌ಬೋರ್ಡನ್ನು ಕತ್ತರಿಸಿ ತಿರುಗಿಸಬೇಕು. ಪೆಟ್ರೋಲು ಕುಡಿಯುವ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದ. ಟ್ಯಾಂಕು ಹಿಂದಕ್ಕೆ ಹೋಯಿತು. ಸ್ಪ್ರಿಂಗಿನಿಂದ ಎರಡೆರಡು ಪಟ್ಟಿ ತೆಗೆದು ಗಾಡಿ ಎತ್ತಿಹಾಕದ ಹಾಗೆ ಮಾಡಿದ. ಹಿಂದಿನ ಅಡ್ಡ ಬೆಂಚು ಕಿತ್ತು ಮುಂದೆ ಮುಖಮಾಡಿದ ಸೀಟು, ಕ್ಯಾನ್‌ವಾಸಿನ ಜಾಗದಲ್ಲಿ ತಗಡಿನ ಮಾಡು, ಬಾಗಿಲು, ಕರೆಂಟಿನ ವೈಪರು. ಏಪ್ರಿಲಿನಲ್ಲಿ ಹಿಡಿದ ಕೆಲಸ ಮೇ ತಿಂಗಳ ಉರಿಬಿಸಿಲಿನಲ್ಲೂ ನಡೆಯಿತು. ವಾರಕ್ಕೆ ಮೂರು ದಿನ ಅಪ್ಪ ಮಗಳು ಬಸ್ಸು ಹತ್ತಿ ಹೋಗಿ ಬೇವಿನ ನೆರಳಲ್ಲಿ ಕೂರುವೆವು. ಏಳುಮಲೈ ಹೆಂಡತಿ ಕಸ್ತೂರಿ, ಶೆಡ್ಡಿನ ಹಿಂದೆಯೇ ಅವರ ಮನೆ, ಹಸಿಮೆಣಸು ಕರಿಬೇವು ಜಜ್ಜಿಹಾಕಿದ ನೀರುಮಜ್ಜಿಗೆ ತಂದುಕೊಡುವಳು. ಅವಳೂ ಶೈಲಾಳೂ ಮಣ್ಣಿನ ನೆಲದಲ್ಲಿ ಹದಿನಾಲ್ಕು ಗುಳಿ ತೋಡಿಕೊಂಡು, ಹುಣಸೆಬೀಜದ ಬದಲು ಹಳೆಯ ಬೇರಿಂಗಿನ ಗುಂಡುಗಳನ್ನು ಹಾಕಿ ಅಳಗುಳಿಮಣೆ ಆಡುತ್ತಿದ್ದರು. ಸಂಜೆ ನನ್ನ ಮಗಳ ಕೈಗೆ ಗ್ರೀಸಿನ ವಾಸನೆ, ಬಾಯಿಗೆ ಮಜ್ಜಿಗೆಯ ವಾಸನೆ.

ಮಧ್ಯೆ ಮಧ್ಯೆ ಏಳುಮಲೈ "ಪಾಪ್ಪಾ" ಎಂದು ಕೂಗುವನು, ಇವಳು ಎದ್ದು ಬಂದು ನಮ್ಮಿಬ್ಬರ ನಡುವೆ ನಿಲ್ಲುವಳು. ಮಾತನ್ನು ದಾಟಿಸುವುದೆಂದರೆ ಅವಳಿಗೆ ಬಲು ಹೆಮ್ಮೆ. ಒಂದು ಕಾಳೂ ಉದುರಿಸದ ಹಾಗೆ ದಾಟಿಸುವಳು. ಒಮ್ಮೆ ನಾನು ಬೇಸತ್ತು, "ಇವ್ನೇನು ಕೆಲ್ಸ ಮಾಡ್ತಾವ್ನೋ ಇಲ್ಲ ಗಾಡಿ ಅಡೀಲಿ ನಿದ್ದೆ ಒಡೀತಾವ್ನೋ" ಅಂದೆ. ಅದನ್ನೂ ಹಾಗೆಯೇ ದಾಟಿಸಿದಳು. ಗಾಡಿಯ ಅಡಿಯಿಂದ ನಗು ಬಂತು. ಏಳುಮಲೈ ತಲೆ ಈಚೆ ಹಾಕಿ, ಗೌಡ ಎಂದದ್ದನ್ನು ಅವರ ಕಡೆಯ ಗೌಂಡರ್ ಜಾತಿಯೆಂದು ತಿಳಿದು ನನಗೆ ಇಟ್ಟಿದ್ದ ಹೆಸರಿನಿಂದಲೇ ಕರೆದು, "ಗೌಂಡರೇ, ಪಾಪ್ಪಾ ಇಲ್ಲೇನ್ನಾ ನೀಂಗ ಊಮೆ" ಎಂದ. ಈ ಮಗು ಇಲ್ಲದಿದ್ದರೆ ನೀವು ಮೂಗರು ಎಂದು. ಶೈಲಾ ಅದನ್ನೂ ನಗುತ್ತಾ ನನಗೆ ಹೇಳಿದಳು.

ಮೇ ಕೊನೆಯಲ್ಲಿ ಜಯಮ್ಮನ ತವರಿನಲ್ಲಿ ಮದುವೆ. ಹತ್ತು ದಿನ ಊರಿಗೆ ಹೋದೆವು. ಊಟದ ಪಂಕ್ತಿಯಲ್ಲಿ ಜಯಮ್ಮನ ದೊಡ್ಡಣ್ಣ ಎಲ್ಲರೆದುರು ನನ್ನನ್ನು ಕೆಣಕಿದ.

"ಏನ್ ಭಾವ, ಅಪ್ಪನ ಜೀಪ ಅಲ್ಲೆಲ್ಲೋ ತಮಿಳ್ನೋನ ಕೈಲಿ ಕೊಟ್‌ಬುಟ್ಟು ಬಂದಿದ್ದೀಯಂತೆ? ಮಿಲಿಟ್ರಿ ಇಂಜಿನ್ನು ಕಣಯ್ಯ ಅದು. ಇಷ್ಟೊತ್ಗೆ ಬಿಡಿ ಬಿಡಿ ಮಾಡಿ ಮಾರ್ಕಂಡಿರ್ತಾನೆ."

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಆ ಮಾತು ಹಲ್ಲಿಗೆ ಸಿಕ್ಕಿಕೊಂಡ ನಾರಿನಂತೆ ಮದ್ರಾಸಿನ ತನಕ ನನ್ನ ಜೊತೆ ಬಂತು. ಬಂದ ಮರುದಿನವೇ ಮಗಳನ್ನು ಕರೆದುಕೊಂಡು ಶೆಡ್ಡಿಗೆ ಹೋದೆ.

ಶೆಡ್ಡು ಖಾಲಿ. ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕರೆ ಮಾತ್ರ. ಏಳುಮಲೈ ಇಲ್ಲ. ಕಸ್ತೂರಿ ಸೆರಗಿನಲ್ಲಿ ಕೈ ಒರೆಸಿಕೊಂಡು ನಗುತ್ತಾ ಆಚೆ ಬಂದಳು. "ವಾಂಗಣ್ಣಾ. ವಂಡಿ ಮಾರಿಡುಚ್ಚು. ಪೂರಾ ಮಾರಿಡುಚ್ಚು. ಇನಿಮೇ ಅದು ಉಂಗ ಪಳೆಯ ವಂಡಿಯೇ ಇಲ್ಲೆ."

ಕನ್ನಡದವರ ಕಿವಿಗೆ ಇದು ಹೇಗೆ ಕೇಳಿಸುತ್ತದೆ, ನೀವೇ ಹೇಳಿ. ವಂಡಿ ಎಂದರೆ ಗಾಡಿ, ಅಷ್ಟು ನನಗೆ ಗೊತ್ತಿತ್ತು. ಗಾಡಿ ಮಾರಿ ಆಯಿತು, ಪೂರ್ತಿ ಮಾರಿ ಆಯಿತು, ಇನ್ನು ಅದು ನಿಮ್ಮ ಗಾಡಿಯಲ್ಲ. ನಗುನಗುತ್ತಾ ಬೇರೆ ಹೇಳುತ್ತಿದ್ದಾಳೆ. ನನ್ನ ತಲೆಯೊಳಗೆ ಭಾವಮೈದನ ಪಂಕ್ತಿಯೆಲ್ಲ ಎದ್ದು ಕುಣಿಯಿತು. "ತಿರುಡನ್" ಎಂದು ಕೂಗಿದೆ. ಕಳ್ಳ ಎನ್ನುವ ಆ ತಮಿಳು ಮಾತು ನನಗೆ ಹೇಗೆ ಗೊತ್ತಿತ್ತೋ, ಸಮಯಕ್ಕೆ ಸರಿಯಾಗಿ ಬಾಯಿಗೆ ಬಂತು. ಮಿಕ್ಕದ್ದೆಲ್ಲ ಮಂಡ್ಯದ ಬೈಗುಳ. ಎದುರಿನ ಟೀ ಅಂಗಡಿಯಿಂದ ಹತ್ತಿಪ್ಪತ್ತು ಜನ ಬಂದು ಸೇರಿದರು. ಶೈಲಾ ಕಸ್ತೂರಿಯನ್ನು ಏನೋ ಕೇಳಿ ಬಂದು ನನ್ನ ಅಂಗಿ ಹಿಡಿದು ಜಗ್ಗುತ್ತಿದ್ದಳು.

"ಅಪ್ಪ, ಅಂಗಲ್ಲ ಕಣಪ್ಪ. ಮಾರಿದ್ದಲ್ಲ. ಮಾರಿಡುಚ್ಚು ಅಂದ್ರೆ ಬದ್ಲಾಯ್ತು ಅಂತ. ಗಾಡಿ ಬದ್ಲಾಗೋಯ್ತು ಅಂತಾವ್ರೆ ಅಷ್ಟೇಯ. ಪೇಂಟ್ಗೆ ಓಗೈತಂತೆ. ಕೇಳಪ್ಪ ಇಲ್ಲಿ."

ನನಗೆ ಕೇಳಿಸಿತು. ಒಂದೊಂದು ಮಾತೂ ಕೇಳಿಸಿತು. ಆದರೆ ಅಷ್ಟು ಹೊತ್ತಿಗೆ ನಾನು ಬಹಳ ಮುಂದೆ ಹೋಗಿಬಿಟ್ಟಿದ್ದೆ, ಹಿಂದಕ್ಕೆ ಬರುವ ದಾರಿ ಕಾಣಲಿಲ್ಲ. "ಸುಮ್ಕಿರು, ನಿಂಗೇನ್ ಗೊತ್ತು" ಎಂದು ಅವಳ ಕೈ ಕೊಡವಿದೆ. ಅಷ್ಟರಲ್ಲಿ ಏಳುಮಲೈ ಸೈಕಲ್ಲಿನಲ್ಲಿ ಬಂದ. ಇಳಿಯುವುದಕ್ಕೂ ಬಿಡದೆ ಅವನ ಅಂಗಿಯ ಎದೆ ಹಿಡಿದೆ. ಒಂದು ಗುಂಡಿ ಕಿತ್ತು ಬಂತು. ಅವನು ಸುತ್ತಲೂ ನೋಡಿದ, ಹೆಂಡತಿಯ ಮುಖ ನೋಡಿದ. ಕಸ್ತೂರಿ ಏನೋ ಹೇಳಿದಳು. ಅವನಿಗೆ ಅರ್ಥವಾಗಿರಬೇಕು. ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕೈಯನ್ನು ನಿಧಾನಕ್ಕೆ ಬಿಡಿಸಿ "ವಾಂಗ" ಎಂದ. ಬನ್ನಿ.

ಎರಡು ಗಲ್ಲಿಯಾಚೆ ಪೇಂಟಿನವರ ಶೆಡ್ಡು. ಜನವೆಲ್ಲ ನಮ್ಮ ಹಿಂದೆ. ಒಳಗೆ ನಮ್ಮ ಜೀಪು ನಿಂತಿತ್ತು. ಎಳೆ ಬಾಳೆಯ ಹಸಿರು ಬಣ್ಣ, ಹೊಸ ಬಾಗಿಲು, ಬಲಗಡೆಗೆ ಬಂದ ಸ್ಟೇರಿಂಗು. ನಿಜಕ್ಕೂ ನಮ್ಮ ಹಳೆಯ ಗಾಡಿಯೇ ಅಲ್ಲ ಅನ್ನುವ ಹಾಗಿತ್ತು. ಕಸ್ತೂರಿ ಹೇಳಿದ್ದು ಅದನ್ನೇ, ಸಂತೋಷದಿಂದ ಹೇಳಿದ್ದು.

ಜನ ನಗತೊಡಗಿದರು. ಯಾರೋ ಒಬ್ಬರು ಗಡುಸಾಗಿ, ಗಾಡಿ ಮಾರಿದರು ಎಂದು ನಿನಗೆ ಹೇಳಿದವರು ಯಾರಯ್ಯಾ ಎಂದು ಕೇಳಿದರು. ಆಗ ನದಿ ನೀರಿನ ಜಗಳದಿಂದ ಮಂಡ್ಯದವನು ಎಂದು ಈ ಊರಲ್ಲಿ ಹೇಳಿಕೊಳ್ಳುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಕಾಲ. ಹೊಡೆಯುತ್ತಾರೇನೋ ಎಂದು ಹೆದರಿದೆ. ಹೆದರಿಕೆ ಅಂತ ಈಗ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಅವಮಾನ. ತಪ್ಪು ತಿಳಿದುಕೊಂಡೆ, ಮನ್ನಿಸಿ ಅನ್ನಬಹುದಿತ್ತು. ನಾನು ಶೈಲಾಳ ಕಡೆ ಕೈ ತೋರಿಸಿದೆ.

"ಪಾಪ್ಪಾದಾನ್ ಸೊಲ್ಲಿಚ್ಚು" ಎಂದೆ. ಮಗುವೇ ಹೇಳಿದ್ದು. ಅಷ್ಟು ದಿನದಲ್ಲಿ ನಾನಾಗಿಯೇ ತಪ್ಪಿಲ್ಲದೆ ಆಡಿದ ಮೊದಲ ತಮಿಳು ವಾಕ್ಯ ಅದು.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ಲಿದ್ದವರೆಲ್ಲ ಅವಳ ತಮಿಳನ್ನೇ ನಂಬುತ್ತಿದ್ದರು, ನನ್ನದನ್ನಲ್ಲ. ಬಾಯಿ ಮುಚ್ಚಿಕೊಂಡಳು. ಏಳುಮಲೈ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆನ್ನೆಗೆ ಮೆಲ್ಲನೆ ತಟ್ಟಿ, "ಪರವಾಇಲ್ಲೆ ಪಾಪ್ಪಾ. ತಮಿಳ್ ನಲ್ಲಾ ಕತ್ತುಕ್ಕೋ" ಎಂದ. ಪರವಾಗಿಲ್ಲ ಮಗು, ತಮಿಳನ್ನು ಚೆನ್ನಾಗಿ ಕಲಿತುಕೋ. ಅವಳು "ಸರಿ ಅಂಕಲ್" ಎಂದಳು.

ನಾಲ್ಕು ದಿನದ ನಂತರ ಗಾಡಿ ಕೈಗೆ ಬಂತು. ಬಲಗಡೆ ನಾನು, ಎಡಗಡೆ ಅವಳು. ಇಂಜಿನ್ ಹದವಾಗಿ ಮಾತಾಡುತ್ತಿತ್ತು, ಹಳ್ಳ ಬಿದ್ದರೂ ಸೊಂಟಕ್ಕೆ ತಾಗಲಿಲ್ಲ. ರಸ್ತೆ ಪೂರ್ತಿ ನನ್ನ ಕಣ್ಣ ಮುಂದೆ. ಅವಳ ಮುನಿಸು ತೆಗೆಯೋಣವೆಂದು, ಒಂದು ಬಸ್ಸಿನ ಹಿಂದೆ ನಿಂತಾಗ ಬೇಕೆಂದೇ ಕೇಳಿದೆ, "ಬಯ್ಲಾ ಅವ್ವ?"

ಅವಳು ಕಿಟಕಿಯಾಚೆ ನೋಡುತ್ತಲೇ, "ಉಂಗಳುಕ್ಕೇ ತೆರಿಯುದೇಪ್ಪಾ" ಎಂದಳು. ನಿಮಗೇ ಕಾಣಿಸುತ್ತಿದೆಯಲ್ಲ ಅಪ್ಪಾ.

ತಮಿಳು. ಅದರಲ್ಲೂ ಬಹುವಚನ. ಅಲ್ಲಿಯ ತನಕ ನನ್ನನ್ನು ನೀನು ಅನ್ನುತ್ತಿದ್ದ ಮಗು.

ಇಸ್ಕೂಲು ಶುರುವಾದರೆ ಸರಿಹೋಗುತ್ತಾಳೆ ಎಂದುಕೊಂಡೆ. ಕನ್ನಡ ಮೊದಲು ಜೀಪಿನಲ್ಲಿ ನಿಂತಿತು, ಆಮೇಲೆ ಬೀದಿಯಲ್ಲಿ, ಆ ವರ್ಷ ಮುಗಿಯುವುದರೊಳಗೆ ಮನೆಯಲ್ಲಿಯೂ. ಜಗಳವಿಲ್ಲ, ಅಳುವಿಲ್ಲ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಈ ಊರಿನ ಕನ್ನಡದವರ ಮನೆಗಳಲ್ಲಿ ಮಕ್ಕಳೆಲ್ಲ ಹಾಗೆಯೇ ತಾನೇ, ನಿಮ್ಮ ಮನೆಯಲ್ಲೂ ಇರಬಹುದು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಜಯಮ್ಮ ಇಸ್ಕೂಲನ್ನೂ ಟೀಚರುಗಳನ್ನೂ ಶಪಿಸಿದಳು. "ಔದೌದು, ಇಸ್ಕೂಲಿಂದ್ಲೇ ಆಗಿದ್ದು" ಎಂದು ನಾನೂ ದನಿಗೂಡಿಸಿದೆ. ಏಳನೇ ಕ್ಲಾಸಿನಲ್ಲಿ ತಮಿಳಿನಲ್ಲಿ ಶೈಲಾ ಮೊದಲು ಬಂದಳು. ಬಹುಮಾನ ಕೊಟ್ಟ ದಿನ ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ವೇದಿಕೆಯಿಂದ ಅವಳು ನನ್ನನ್ನು ನೋಡಿದ ನೋಟ, ಅದನ್ನು ನಾನು ಬರೆಯಲಾರೆ.

ಆಮೇಲೆ ರಸ್ತೆ ಅಗಲ ಮಾಡುವಾಗ ಬೇವಿನ ಮರವೂ ಹೋಯಿತು, ಶೆಡ್ಡುಗಳೂ ಹೋದವು. ಏಳುಮಲೈ ಎಲ್ಲಿಗೆ ಹೋದನೆಂದು ಗೊತ್ತಿಲ್ಲ. ಹುಡುಕಿದ್ದರೆ ಸಿಗುತ್ತಿದ್ದ, ನಾನು ಹುಡುಕಲಿಲ್ಲ. ಜೀಪಿಗೂ ವಯಸ್ಸಾಗಿ ಒಂದು ದಿನ ಅದನ್ನು ಕನ್ನಡದ ಅರ್ಥದಲ್ಲೇ ಮಾರಿದೆ. ಗಾಡಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಹೋದದ್ದನ್ನು ಲೆಕ್ಕ ಹಾಕಬೇಕೆಂದರೆ ಹನ್ನೆರಡು ವರ್ಷದ ಮಾತನ್ನು ಹಾಕಬೇಕು. ಒಬ್ಬ ಹುಡುಗಿ ಹತ್ತರಿಂದ ಇಪ್ಪತ್ತೆರಡರ ತನಕ ಅಪ್ಪನ ಹತ್ತಿರ ಎಷ್ಟು ಮಾತಾಡುತ್ತಾಳೆ? ದೊಡ್ಡವಳಾದದ್ದು, ಕಾಲೇಜು, ಮುರಳಿಯನ್ನು ಇಷ್ಟಪಟ್ಟದ್ದು, ಎಲ್ಲವೂ ನನಗೆ ತಮಿಳಿನಲ್ಲೇ ತಿಳಿದದ್ದು. ಅವಳಿಗಾಗಿಯೇ ನಾನೂ ತಮಿಳು ಕಲಿತೆ. ಅಪ್ಪಾ ಎನ್ನುವ ಮಾತು ಎರಡು ಭಾಷೆಗೂ ಒಂದೇ. ಅದೊಂದನ್ನು ಹಿಡಿದುಕೊಂಡು ಬದುಕಿದೆ. ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವಳಿಗೆ ಓದಲು ಬರುವುದಿಲ್ಲ. ಹಾಗಾಗಿ ಬರೆದರೆ ಸಾಲದು ಅನ್ನಿಸಿ ಇಲ್ಲಿಗೆ ನಿಲ್ಲಿಸಿ ಎದ್ದೆ, ಉಳಿದದ್ದು ಊಟವಾದ ಮೇಲೆ ಬರೆದದ್ದು.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಬಾಣಂತಿಗೆ ಒಳಗೆ ಬಡಿಸುತ್ತೇನೆ ಎಂದು ಜಯಮ್ಮ ಎಷ್ಟು ಹೇಳಿದರೂ ಕೇಳದೆ ಶೈಲಾ ನಡುಮನೆಗೇ ಬಂದಳು, ಗೋಡೆಗೆ ಒರಗಿ ಕೂತಳು. ಪಕ್ಕದಲ್ಲಿ ಮಡಚಿದ ಸೀರೆಯ ಮೇಲೆ ಮಗು ನಿದ್ದೆ ಹೋಗಿತ್ತು. ನಮಗೆ ಮುದ್ದೆ, ಉಪ್ಸಾರು. ಶೈಲಾಳಿಗೆ ಮೆಣಸು ಬೆಳ್ಳುಳ್ಳಿಯ ಬಿಸಿ ಸಾರು. ಅಳಿಯ ಮುರಳಿಗೆ ಅನ್ನ, ಸುಟ್ಟ ಹಪ್ಪಳ. ನಾನು ಮುದ್ದೆ ಮುರಿಯದೆ ಕೂತಿದ್ದೆ.

"ಒಂದ್ ಮಾತು ಏಳ್ಬೇಕು" ಎಂದೆ.

"ಉಂಡ್ಮೇಲೆ ಏಳು" ಎಂದಳು ಜಯಮ್ಮ.

"ಉಂಡ್ಮೇಲೆ, ಉಂಡ್ಮೇಲೆ ಅಂತ್ಲೇ ಅನ್ನೆರಡು ವರ್ಷ ಆಗೋಯ್ತು ಕಣೆ."

ಹೇಳಿದೆ. ಶೆಡ್ಡು, ಕಸ್ತೂರಿ, ಮಾರಿಡುಚ್ಚು, ಮಗು ಅಂಗಿ ಜಗ್ಗಿ ಸರಿಯಾಗಿಯೇ ಹೇಳಿದ್ದು, ನಾನು ಅವಳ ಕಡೆ ಕೈ ತೋರಿಸಿದ್ದು. ಕನ್ನಡದಲ್ಲಿ ಹೇಳಿದೆ, ತಲೆ ತಗ್ಗಿಸಿಕೊಂಡು ಹೇಳಿದೆ. ಮುರಳಿಗೆ ನಮ್ಮ ಕನ್ನಡ ಅರ್ಧಂಬರ್ಧ. ಎಲ್ಲರ ಮುಖ ನೋಡಿ ಹೆಂಡತಿಯನ್ನು ಕೇಳಿದ, "ಎನ್ನ ಸೊಲ್ರಾರು ಮಾಮಾ?" ಮಾವ ಏನು ಹೇಳುತ್ತಿದ್ದಾರೆ?

ಶೈಲಾ ಸಾರಿನ ಬಟ್ಟಲನ್ನೇ ನೋಡುತ್ತಾ ಮೆಲ್ಲಗೆ, "ಒಣ್ಣುಮಿಲ್ಲೆ. ಅಪ್ಪಾ ಎದೋ ತಪ್ಪಾ ಪುರಿಂಜುಕ್ಕಿಟ್ಟಾರಾಂ. ಅವ್ವಳೋದಾನ್" ಎಂದಳು. ಏನಿಲ್ಲ, ಅಪ್ಪ ಏನೋ ತಪ್ಪಾಗಿ ಅರ್ಥ ಮಾಡಿಕೊಂಡರಂತೆ, ಅಷ್ಟೇ.

ಸುಳ್ಳಿನ ಸುದ್ದಿಯನ್ನೇ ಬಿಟ್ಟುಬಿಟ್ಟಳು. ಗಂಡನ ಮುಂದೆ ನನ್ನ ಮಾನ ಉಳಿಸಲು ಬೇಕೆಂದೇ ತಪ್ಪಾಗಿ ದಾಟಿಸಿದಳು. ಅದನ್ನು ಹಾಗೆಯೇ ಬಿಡಲು ನನ್ನಿಂದಾಗಲಿಲ್ಲ.

"ಇಲ್ಲೆ ಮಾಪ್ಳೆ" ಎಂದೆ ಅಳಿಯನಿಗೆ, ಅವನಿಗೆ ತಿಳಿಯುವ ತಮಿಳಿನಲ್ಲೇ. "ಅವ ಸರಿಯಾದಾನ್ ಸೊನ್ನಾ. ನಾನ್ ಪೊಯ್ ಸೊನ್ನೇನ್." ಅವಳು ಸರಿಯಾಗಿಯೇ ಹೇಳಿದ್ದಳು. ಸುಳ್ಳು ಹೇಳಿದವನು ನಾನು.

ಜಯಮ್ಮನ ಕೈಯಲ್ಲಿದ್ದ ಸೌಟಿನಿಂದ ಉಪ್ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಆ ಇಸ್ಕೂಲ್ ಮೇಡಮ್ಮಾರ್ನೆಲ್ಲ ಇಷ್ಟ್ ವರ್ಷ ಬಾಯ್ಗ್ ಬಂದಂಗೆ ಬೋಯ್ಕಂಡು ತಿರುಗುದ್ನಲ್ಲಪ್ಪ ನಾನು" ಎಂದಳು. "ಪಕ್ಕದಲ್ಲೇ ಕುಂತ್ಕಂಡು ಊಂಗುಡ್ತಿದ್ಯಲ್ಲ, ನಿಂಗೆ ಅನ್ನ ಎಂಗೆ ಇಳೀತು?"

ಶೈಲಾ ಮಗುವಿನ ಮೇಲಿನ ಬಟ್ಟೆ ಸರಿಮಾಡಿದಳು. ಆಮೇಲೆ ತಮಿಳಿನಲ್ಲಿ ಹೇಳಿದಳು. "ನೀವು ಹೇಳ್ತೀರಿ ಹೇಳ್ತೀರಿ ಅಂತ ನಾನು ಬಹಳ ದಿನ ಕಾದಿದ್ದೆ ಅಪ್ಪಾ. ಆಮೇಲೆ ಕಾಯೋದು ಬಿಟ್ಟುಬಿಟ್ಟೆ." ಇನ್ನೂ ಏನೋ ಹೇಳಲು ನನ್ನ ಕಡೆ ತಿರುಗಿದಳು. ಈ ಸಲ ಕನ್ನಡದಲ್ಲಿ ಹೇಳಬೇಕೆಂದುಕೊಂಡಳು ಅಂತ ಕಾಣುತ್ತದೆ, ತುಟಿ ಆಡಿತು. ಮಾತು ಸಿಗಲಿಲ್ಲ. ಮರೆತುಹೋಗಿತ್ತು. ಹುಡುಕಿ ಹುಡುಕಿ ಅವಳೇ ಒಂದು ಥರ ನಕ್ಕು, ಬಟ್ಟಲನ್ನು ಅವ್ವನ ಕಡೆ ಸರಿಸಿ, "ಇನ್ನುಂ ಕೊಂಜಂ" ಎಂದಳು. ಇನ್ನೂ ಸ್ವಲ್ಪ.

ಜಯಮ್ಮ ಬಟ್ಟಲಿಗೆ ಸಾರು ಬಿಟ್ಟಳು. ಮುರಳಿ ಎದ್ದು ನೆಲ ಒರೆಸಿ ಬಂದು ಕೂತ. ನನ್ನ ತಟ್ಟೆಯ ಮುದ್ದೆ ಆರಿ ಕಲ್ಲಾಗಿತ್ತು. ಜಯಮ್ಮ ಮುಖ ಕೊಡದೆ ಅದನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡು, ನನಗೆ ಬಿಸಿ ಮುದ್ದೆ ಇಟ್ಟಳು. ತಲೆ ಎತ್ತದೆ ಮುರಿದೆ. ನಡುವೆ ಮಗು ಒಂದು ಸಲ ಮುಲುಗಿತು, ನಾಲ್ಕೂ ಜನರ ಕೈ ಬಾಯಿಯ ಹತ್ತಿರವೇ ನಿಂತವು. ಅದು ಮತ್ತೆ ನಿದ್ದೆ ಹೋಯಿತು. ನಾವು ಉಂಡೆವು.